ಕದವಿಲ್ಲದ ಕಪಾಟುಗಳು

ಹಳೆಯ ಮನೆ ಬಿಟ್ಟು ಬರುವ ದಿನ ಸಾಮಾನೆಲ್ಲ ಕೆಳಗಿಳಿದ ಮೇಲೆ ನಾನೊಬ್ಬಳೇ ಮೇಲಿನ ಎರಡು ಕೋಣೆಗಳಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಮಂಚ ಇದ್ದ ಕಡೆ ನೆಲ ಹೊಸದರಂತೆ ಬೆಳ್ಳಗಿತ್ತು. ಅಡುಗೆಮನೆಯ ಕಪಾಟುಗಳು ಬಾಯಿ ತೆರೆದುಕೊಂಡು ಖಾಲಿ ನಿಂತಿದ್ದವು. ಅವಕ್ಕೆ ಕದ ಇಲ್ಲ. ಒಂದು ಕಾಲದಲ್ಲಿ ಇತ್ತು ಎನ್ನುವುದಕ್ಕೆ ತಿರುಪುಮೊಳೆಯ ತೂತುಗಳು ಮಾತ್ರ ಸಾಕ್ಷಿ. ಆ ಮನೆಗೆ ಹೊಸದಾಗಿ ಬರುವ ಗಂಡಹೆಂಡತಿ ನೋಡಲು ಬಂದವರು, ಕದ ಏನಾದವು, ಗೆದ್ದಲು ತಿಂದವೇ ಎಂದು ಕೇಳಿದರು. ಇಲ್ಲ, ನನ್ನ ಸೊಸೆ ಬಿಚ್ಚಿದಳು ಎಂದೆ. ಯಾಕೆ ಎಂದು ಕೇಳಿಸಿಕೊಳ್ಳುವಷ್ಟು ಪುರಸೊತ್ತು ಅವರಿಗಿರಲಿಲ್ಲ. ನನಗೀಗ ಬೇಕಾದಷ್ಟಿದೆ.

ನನ್ನ ಸೊಸೆ ಕೋಟು ಹೊಲಿಯುವವಳು. ನಮ್ಮ ಬೀದಿಯ ತಿರುವಿನಲ್ಲೇ ಅವಳು ಕೆಲಸ ಮಾಡುವ ಟೈಲರ್ ಅಂಗಡಿ. ಹೆಂಗಸರು ಲಂಗ ಕುಪ್ಪಸ ಹೊಲಿಯುವುದು ಎಲ್ಲ ಕಡೆ ಇದೆ, ಕೋಟು ಹೊಲಿಯುವವರು ಕಡಿಮೆ. ಇವಳು ಅಪ್ಪನ ಮಿಶಿನ್ನಿನ ಪಕ್ಕ ಕೂತು ಕಲಿತವಳು. ಕೋಟಿಗೆ ಕಾಲರ್ ಕೂರಿಸಬೇಕಾದರೆ ಆ ಅಂಗಡಿಯಲ್ಲಿ ಅವಳೇ ಆಗಬೇಕು. ಬೇರೆಯವರು ಕೂರಿಸಿದ ಕಾಲರ್ ಕತ್ತಿನಿಂದ ದೂರ ನಿಂತು ಜಗಳ ಆಡುತ್ತದೆ, ಇವಳದು ಅಪ್ಪಿಕೊಳ್ಳುತ್ತದೆ ಎಂದು ಅಂಗಡಿಯ ಮಾಸ್ಟರು ಗಿರಾಕಿಗಳಿಗೆ ಹೇಳುತ್ತಿದ್ದರು. ಅವಳಿಗೆ ಕೇಳಿಸದಂತೆ ಹೇಳುತ್ತಿದ್ದರು. ಕೇಳಿಸುವಂತೆ ಕರೆಯುತ್ತಿದ್ದದ್ದು ಮಾತ್ರ ಬಿರುಗಾಳಿ ಎಂದು. ಅವಳು ಬೆಳಗ್ಗೆ ಮೆಟ್ಟಿಲು ಹತ್ತಿದ ಕೂಡಲೇ, ಬಂತಪ್ಪ ಬಿರುಗಾಳಿ, ಕತ್ತರಿಸಿದ ಬಟ್ಟೆ ಮೇಲೆ ಏನಾದರೂ ಭಾರ ಇಡಿ ಎನ್ನುತ್ತಿದ್ದರು.

ನಾನು ಅದೇ ಅಂಗಡಿಗೆ ಮನೆಯಲ್ಲೇ ಕಿಟಕಿಯ ಬಳಿ ಕೂತು ಕಾಜಾ ತೆಗೆದು ಗುಂಡಿ ಹಚ್ಚಿಕೊಡುತ್ತಿದ್ದೆ. ನನ್ನದು ಒಂದೇ ಕಡೆ ಕೂತು ಮಾಡುವ ಕೆಲಸ, ನನ್ನ ಸ್ವಭಾವವೂ ಹಾಗೇ. ಸೊಸೆ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ಕಸ ಗುಡಿಸಲು ಹೊರಡುತ್ತಾಳೆ, ಕಸದಲ್ಲಿ ಒಂದು ಗುಂಡಿ ಸಿಗುತ್ತದೆ, ಆ ಗುಂಡಿ ಯಾವ ಅಂಗಿಯದು ಎಂದು ನೋಡಲು ಹೋಗುತ್ತಾಳೆ, ಅಂಗಿ ಒಗೆಯದೆ ಬಿದ್ದಿರುತ್ತದೆ, ಒಗೆಯಲು ನೀರು ಬಿಡುತ್ತಾಳೆ, ನೀರು ತುಂಬುವಷ್ಟರಲ್ಲಿ ಒಂದು ಲೋಟ ಟೀ ಕುಡಿಯೋಣ ಎಂದು ಒಲೆ ಹಚ್ಚುತ್ತಾಳೆ. ಆಮೇಲೆ ನೋಡಿದರೆ ಕಸ ಬಾಗಿಲಲ್ಲಿ, ಪೊರಕೆ ಮಂಚದ ಮೇಲೆ, ಬಕೀಟು ತುಂಬಿ ಹರಿಯುತ್ತಾ ಇದೆ, ಟೀ ಇಂಗಿ ಹೋಗಿದೆ, ಇವಳು ಕಿಟಕಿಯಲ್ಲಿ ನಿಂತು ಎದುರು ಮನೆಯವರ ಪರದೆಯ ಹೊಲಿಗೆ ಬಿಟ್ಟಿದ್ದನ್ನು ನೋಡುತ್ತಿದ್ದಾಳೆ. ಒಮ್ಮೆ ಬೆಣ್ಣೆ ದಾರದ ಡಬ್ಬಿಯಲ್ಲಿ ಸಿಕ್ಕಿತು. ದಾರದ ಉಂಡೆ ಫ್ರಿಜ್ಜಿನಲ್ಲಿ ತಣ್ಣಗಿತ್ತು.

ಆಗ ನಮ್ಮವರು ಇನ್ನೂ ಇದ್ದರು. ಅವರಿಗೆ ಸೊಸೆ ಎಂದರೆ ಪ್ರಾಣ. ಈ ಮನೆಯಲ್ಲಿ ಏನಾದರೂ ಕಳೆದರೆ ಯಾರೂ ಹುಡುಕಬೇಡಿ, ಅದಕ್ಕೇ ಬೇಜಾರಾಗಿ ಹೊರಗೆ ಬರುತ್ತೆ ಎನ್ನುತ್ತಿದ್ದರು. ಕನ್ನಡಕ ಕಳೆದಾಗ ಸೊಸೆಯನ್ನು ಕರೆದು, ನೀನು ಇದನ್ನು ಎಲ್ಲಿ ಇಡಬಾರದು ಅಂತ ಅಂದುಕೊಳ್ತೀಯೋ ಅಲ್ಲಿ ಮೊದಲು ನೋಡಮ್ಮ ಎನ್ನುವರು. ಅವಳು ನಗುತ್ತಾ ಹೋಗಿ ಅಕ್ಕಿ ಡಬ್ಬಿಯಿಂದ ತಂದುಕೊಡುವಳು. ಅವರು ಹೋದ ಮೇಲೆ ಆ ನಗು ಮನೆಯಲ್ಲಿ ಸ್ವಲ್ಪ ಕಡಿಮೆಯಾಯಿತು.

ಹಾಗೆಂದು ಎಲ್ಲವೂ ಮರೆವೇ ಎಂದಲ್ಲ. ಕಾಲರ್ ಕೈಗೆ ಬಂದರೆ ಅವಳು ಬೇರೆಯೇ ಹೆಂಗಸು. ಊಟ ಬೇಡ, ನೀರು ಬೇಡ, ಪಕ್ಕದಲ್ಲಿ ತಮಟೆ ಹೊಡೆದರೂ ಕೇಳಿಸದು. ಗಮನವೇ ಇಲ್ಲದವಳಾಗಿದ್ದರೆ ಆ ಕೆಲಸ ಹೇಗೆ ಬರುತ್ತಿತ್ತು ಎಂದು ನಾನು ಕಾಜಾ ತೆಗೆಯುತ್ತಾ ಎಷ್ಟೋ ಸಲ ಯೋಚಿಸಿದ್ದೇನೆ.

ಮೊಮ್ಮಗಳು ಹುಟ್ಟಿದಳು. ತಾಯಿಯಾಗಿ ಸೊಸೆ ಹೇಗಿದ್ದಳು ಎಂದು ಯಾರಾದರೂ ಕೇಳಿದರೆ ಎರಡು ಮಾತು ಹೇಳಬೇಕಾಗುತ್ತದೆ. ಕೋಟಿನ ಒಳಗೆ ಹಾಕುವ ದಪ್ಪ ಬಟ್ಟೆಯ ಚೂರುಗಳಲ್ಲಿ ಮಗುವಿಗೆ ಬೊಂಬೆ ಮಾಡಿದಳು, ಬೊಂಬೆಗೆ ಜೇಬು ಕಾಲರ್ ಎಲ್ಲ ಇರುವ ಕೋಟು ಹೊಲಿದಳು, ಆ ಜೇಬಿನಲ್ಲಿ ಕರವಸ್ತ್ರವನ್ನೂ ಇಟ್ಟಳು. ಮಂಚದ ಕೆಳಗೆ ಗುಹೆ ಮಾಡಿ ಮಧ್ಯಾಹ್ನವಿಡೀ ಅದರೊಳಗೆ ಮಗುವಿನ ಜೊತೆ ಮಗುವಾಗಿ ಇರುತ್ತಿದ್ದಳು. ಅಂಥ ತಾಯಿ ಯಾರಿಗೆ ಸಿಗುತ್ತಾಳೆ? ಅದೇ ತಾಯಿ ಶಾಲೆಯ ಬುತ್ತಿ ಕಟ್ಟಿ ಅದನ್ನು ತಾನೇ ಅಂಗಡಿಗೆ ಒಯ್ಯುತ್ತಿದ್ದಳು. ಚುಚ್ಚುಮದ್ದಿನ ದಿನ ಮರೆಯುತ್ತಿದ್ದಳು. ಮರೆತದ್ದು ಗೊತ್ತಾದಾಗ ಗೋಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದಳು.

ಮಗು ಬಹಳ ಬೇಗ ಇದನ್ನೆಲ್ಲ ಅರ್ಥ ಮಾಡಿಕೊಂಡಿತು. ಮಾತು ಬಂದ ಹೊಸದರಲ್ಲೇ, ಅಮ್ಮ ಒಲೆ, ಅಮ್ಮ ನಲ್ಲಿ ಎನ್ನುತ್ತಿತ್ತು. ಶಾಲೆಗೆ ಹೋಗುವ ಹೊತ್ತಿಗೆ ಬಾಗಿಲ ಬಳಿ ನಿಂತು ತಾಯಿಗೇ ಪಾಠ ಒಪ್ಪಿಸುತ್ತಿತ್ತು: ಬೀಗದ ಕೈ, ಕನ್ನಡಕ, ಪರ್ಸು, ನನ್ನ ಬುತ್ತಿ, ನಿನ್ನ ಬುತ್ತಿ. ಕೆಳಗಿನ ಮಳಿಗೆಯ ಕ್ಷೌರಿಕ ಅವಳಿಗೆ ಗಡಿಯಾರ ಎಂದು ಹೆಸರಿಟ್ಟ. ಗಡಿಯಾರ ಹೊರಟಿತು, ಗಡಿಯಾರ ಬಂತು ಎನ್ನುವನು. ನಾವೆಲ್ಲ ನಗುತ್ತಿದ್ದೆವು. ನಗದವಳು ನನ್ನ ದೊಡ್ಡ ಮಗಳು ಒಬ್ಬಳೇ.

ದೊಡ್ಡ ಮಗಳು ಬೇರೆ ಊರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಅವಳ ಮಗ ಬೆಳೆದು ಹಾಸ್ಟೆಲಿಗೆ ಸೇರಿದ್ದ. ಅಚ್ಚುಕಟ್ಟು ಎಂದರೆ ಅವಳೇ. ಅಕ್ಕನ ಮನೆಯಲ್ಲಿ ಚಮಚಗಳೂ ಸಾಲಾಗಿ ಮಲಗಿ ನಿದ್ದೆ ಮಾಡುತ್ತವೆ ಎಂದು ನನ್ನ ಮಗ ಗೇಲಿ ಮಾಡುತ್ತಿದ್ದ. ಮಗ ರೈಲಿನಲ್ಲಿ ಗಾರ್ಡ್, ಮನೆಯಲ್ಲಿ ಇದ್ದದ್ದಕ್ಕಿಂತ ಹಳಿಯ ಮೇಲೆ ಇದ್ದದ್ದೇ ಹೆಚ್ಚು.

ಆ ವರ್ಷ ನನ್ನ ಕಣ್ಣಿನ ಪೊರೆ ತೆಗೆಸಲು ಮಗ ರಜೆ ಹಾಕಿ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ನನ್ನನ್ನು ನೋಡಿಕೊಳ್ಳಲೆಂದು ದೊಡ್ಡ ಮಗಳು ಆ ಸಂಜೆ ಬಸ್ಸಿಳಿದು ನೇರ ಮನೆಗೆ ಬಂದಳು. ಬಂದರೆ ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಮಗು ಕೂತು ಶಾಲೆಯ ಲೆಕ್ಕ ಮಾಡುತ್ತಿತ್ತು. ಬೆಳಕು ಹೋಗುತ್ತಿದ್ದದ್ದರಿಂದ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದಿತ್ತು. ಮಧ್ಯಾಹ್ನ ಗೇಟಿನ ಹತ್ತಿರ ಅಮ್ಮ ಬರಲಿಲ್ಲ, ನಾನೇ ನಡೆದು ಬಂದೆ, ಅಂಗಡಿಗೆ ಹೋಗಿ ಕೇಳಿದೆ, ಬೀಗದ ಕೈ ಸಿಗ್ತಾ ಇಲ್ಲ ಹುಡುಕಿ ತರ್ತೀನಿ ಅಂದಳು, ಅದಕ್ಕೆ ಇಲ್ಲಿ ಕೂತಿದ್ದೀನಿ ಎಂದು ವರದಿ ಒಪ್ಪಿಸಿತು. ಆಮೇಲೆ, "ಎಲ್ಲೋ ಕೋಟಿನೊಳಗೆ ಸೇರಿಸಿ ಹೊಲಿದುಬಿಟ್ಟಿರಬೇಕು ಅತ್ತೆ. ಸಿಗಲ್ಲ ಬಿಡಿ" ಎಂದಿತು.

ಮಗು ಹೇಳಿದ್ದು ನಿಜವಾಗಿತ್ತು. ಆ ದಿನ ಒಂದು ಕೋಟಿನ ಹೊರಬಟ್ಟೆಗೂ ಅಸ್ತರಿಗೂ ನಡುವೆ ಬೀಗದ ಕೈ ಜಾರಿ, ಅದರ ಮೇಲೇ ಅಂಚು ಮಡಿಸಿ ಹೊಲಿದು, ಇಸ್ತ್ರಿ ಮಾಡಿ, ಗಿರಾಕಿಗೆ ಕೊಟ್ಟು ಕಳಿಸಿಯಾಗಿತ್ತು. ಮಿಕ್ಕ ಟೈಲರುಗಳು ಸೂಜಿ ಬಿಟ್ಟಾರು, ಗುಂಡುಪಿನ್ನು ಬಿಟ್ಟಾರು. ಮನೆಯನ್ನೇ ಕೋಟಿನೊಳಗೆ ಇಟ್ಟು ಹೊಲಿದವಳು ನನ್ನ ಸೊಸೆ ಒಬ್ಬಳೇ. ಅವಳು ಅಂಗಡಿಯನ್ನೆಲ್ಲ ತಲೆಕೆಳಗು ಮಾಡಿ, ಕಣ್ಣು ಕೆಂಪು ಮಾಡಿಕೊಂಡು ಓಡಿ ಬಂದಾಗ ಕ್ಷೌರಿಕ ಬೀಗ ಒಡೆದಿದ್ದ. ದೊಡ್ಡ ಮಗಳು ಒಳಗೆ ಮಗುವಿಗೆ ಊಟ ಹಾಕುತ್ತಿದ್ದಳು. ಬಂದವಳನ್ನು ಏನೂ ಅನ್ನಲಿಲ್ಲವಂತೆ.

ಅವಳು ಅಂದದ್ದು, ನಾನು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದ ಮೇಲೆ. ನನಗೆ ಕಾಣುತ್ತಿರಲಿಲ್ಲ, ಆದ್ದರಿಂದ ಆ ಮಾತು ಇನ್ನೂ ಕಿವಿಯಲ್ಲೇ ಇದೆ.

"ನಿನ್ನ ಬೈತಾ ಇಲ್ಲ ಕಣೆ ನಾನು. ಬೀಗ ಹಾಕಿದ ಬಾಗಿಲ ಮುಂದೆ ಎಂಟು ವರ್ಷದ ಮಗು ಅಳಬೇಕಿತ್ತು. ಅಳದೆ ಕೂತಿತ್ತಲ್ಲ, ಅದನ್ನ ನೋಡಿ ನನಗೆ ಭಯ ಆಯ್ತು. ಈ ಮನೇಲಿ ಯಾರು ಯಾರಿಗೆ ತಾಯಿ, ನೀನೇ ಹೇಳು."

ಮಗುವನ್ನು ನನ್ನ ಜೊತೆ ಕಳಿಸಿ, ಅಲ್ಲಿಯೇ ಶಾಲೆಗೆ ಸೇರಿಸುತ್ತೇನೆ, ಅವಳು ಸ್ವಲ್ಪ ದಿನ ಮಗುವಿನಂತೆ ಇರಲಿ ಎಂದಳು ದೊಡ್ಡ ಮಗಳು. ಮಗ ಅಕ್ಕ ಹೇಳಿದ್ದಕ್ಕೂ ಹೂಂ ಅಂದ, ಹೆಂಡತಿಯ ಮುಖ ನೋಡಿ ಅದಕ್ಕೂ ಹೂಂ ಅಂದ. ಹಸಿರು ಬಾವುಟ ಬೀಸಿ ಬೀಸಿ ಅವನಿಗೆ ಬೇರೇನೂ ಬರುತ್ತಿರಲಿಲ್ಲ. ನನಗೆ ಒಂದು ಕಡೆ ಹೊಟ್ಟೆಯಲ್ಲಿ ಹುಟ್ಟಿದವಳು, ಇನ್ನೊಂದು ಕಡೆ ಮನೆಯಲ್ಲಿ ಜೊತೆಗೆ ಬಾಳಿದವಳು. ಇಬ್ಬರದೂ ಸುಳ್ಳಲ್ಲ. ಕಣ್ಣಿನ ಪಟ್ಟಿ ಬಿಚ್ಚುವವರೆಗೆ ಯಾರೂ ಏನೂ ತೀರ್ಮಾನ ಮಾಡಬೇಡಿ ಎಂದೆ.

ಆ ನಡುವೆ ದೊಡ್ಡ ಮಗಳು ಇನ್ನೊಂದು ಕೆಲಸ ಮಾಡಿದಳು. ತನಗೆ ಪರಿಚಯದ ಮನಸ್ಸಿನ ಡಾಕ್ಟರೊಬ್ಬರ ಹತ್ತಿರ ಸೊಸೆಯನ್ನು ಕರೆದುಕೊಂಡು ಹೋದಳು. ನಾನೂ ಹೋದೆ. ಡಾಕ್ಟರು ಹೆಂಗಸು, ನಿಧಾನದವರು. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಹೇಗಿದ್ದೆ, ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುವ ಮೊದಲು ಎದ್ದು ಹೋಗುತ್ತಿದ್ದೆಯಾ, ಶುರು ಮಾಡಿದ್ದು ಎಷ್ಟು ಮುಗಿಯುತ್ತೆ ಎಂದು ಒಂದೊಂದಾಗಿ ಕೇಳಿದರು. ಸೊಸೆ ಉತ್ತರ ಹೇಳುತ್ತಾ ಹೇಳುತ್ತಾ ನಡುವೆ ನಿಲ್ಲಿಸಿ, ನಿಮ್ಮ ಬಿಳಿ ಕೋಟಿನ ಎಡತೋಳು ತಿರುಚಿಕೊಂಡು ಕೂತಿದೆ, ಬಿಚ್ಚಿ ಕೊಡಿ, ಸರಿ ಮಾಡಿ ಕೊಡ್ತೀನಿ ಅಂದಳು. ದೊಡ್ಡ ಮಗಳು ತಲೆ ಮೇಲೆ ಕೈ ಇಟ್ಟುಕೊಂಡಳು. ಡಾಕ್ಟರು ನಕ್ಕು ನನ್ನ ಕಡೆ ತಿರುಗಿ, ಮನೆಯಲ್ಲೂ ಹೀಗೇನಾ ಅಮ್ಮ ಎಂದರು. ಹೀಗೇ, ಆದರೆ ಕಾಲರ್ ಮಾತ್ರ ಎಂದೂ ತಿರುಚುವುದಿಲ್ಲ ಎಂದೆ.

ಇನ್ನೂ ಎರಡು ಮೂರು ಸಲ ಹೋಗಿ ಬಂದ ಮೇಲೆ ಅದಕ್ಕೆ ಎ.ಡಿ.ಎಚ್.ಡಿ. ಎಂದು ಹೆಸರು ಹೇಳಿದರು. ಗಮನ ಇಲ್ಲ ಎಂದಲ್ಲ, ಗಮನದ ಲಗಾಮು ಕೈಗೆ ಸಿಗುವುದಿಲ್ಲ, ಅಷ್ಟೇ ಎಂದು ಬಿಡಿಸಿ ಹೇಳಿದರು. ಹುಟ್ಟಿನಿಂದ ಇರುವಂಥದ್ದಂತೆ. ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ಯಾರ ಗಮನಕ್ಕೂ ಬರುವುದಿಲ್ಲವಂತೆ. ಮಾತ್ರೆ ಬರೆದುಕೊಟ್ಟರು. ಆ ಮಾತ್ರೆ ನುಂಗಲೂ ನೆನಪಿರಬೇಕಲ್ಲ ಡಾಕ್ಟ್ರೇ ಎಂದು ಸೊಸೆ ಕೇಳಿದ್ದಕ್ಕೆ, ಎಲ್ಲರೂ ಇದನ್ನೇ ಕೇಳ್ತಾರೆ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ, ನಾನು ಅವಳ ಪಕ್ಕ. ಬಹಳ ಹೊತ್ತು ಹೊರಗೆ ನೋಡುತ್ತಿದ್ದಳು.

"ಅತ್ತೆ, ನಾನು ಸೋಮಾರಿ ಅಲ್ವಂತೆ."

"ನಾನು ಯಾವತ್ತು ಅಂದೆ ಹಾಗಂತ?"

"ನೀವಲ್ಲ. ನಾನೇ ಅಂದ್ಕೊಂಡಿದ್ದೆ."

ಅಷ್ಟು ಹೇಳಿ ಮುಖವನ್ನು ಪೂರ್ತಿ ಕಿಟಕಿಯ ಕಡೆ ತಿರುಗಿಸಿಕೊಂಡಳು. ಶಾಲೆಯಲ್ಲಿ ಒಂದು ಹೆಸರು, ಅಪ್ಪನ ಮನೆಯಲ್ಲಿ ಒಂದು ಹೆಸರು, ಅಂಗಡಿಯಲ್ಲಿ ಒಂದು ಹೆಸರು ಹೊತ್ತು ತಿರುಗಿದವಳು. ಇದೊಂದನ್ನಾದರೂ ತಿಳಿದವರು ಇಟ್ಟಿದ್ದರು. ನಾನು ಅವಳ ಕೈಯಲ್ಲಿದ್ದ ಮಾತ್ರೆಯ ಪೊಟ್ಟಣವನ್ನು ತೆಗೆದು ನನ್ನ ಚೀಲದಲ್ಲಿ ಇಟ್ಟುಕೊಂಡೆ. ಬಸ್ಸಿನಲ್ಲೇ ಬಿಟ್ಟಾಳು ಎಂದು.

ದೊಡ್ಡ ಮಗಳಿಗೆ ಸಮಾಧಾನವಾಯಿತು, ಆದರೆ ಮಾತು ಬದಲಾಗಲಿಲ್ಲ. ಜ್ವರ ಅಂತ ಗೊತ್ತಾದ ಮಾತ್ರಕ್ಕೆ ಮೈ ತಣ್ಣಗಾಗತ್ತಾ ಎಂದಳು. ಶಾಲೆಯ ರಜೆ ಶುರುವಾಗಿತ್ತು. ರಜೆ ಮುಗಿಯುವಾಗ ಮಗುವನ್ನು ಕರೆದುಕೊಂಡು ಹೋಗುತ್ತೇನೆ ಎಂದಳು. ಆಗ ಸೊಸೆ ಮೊದಲ ಸಲ ಎದುರು ನಿಂತು ಮಾತಾಡಿದಳು.

"ನೀವು ಹೇಳೋದು ಸರಿ ಅತ್ತಿಗೆ. ಅವಳು ನನ್ನ ಕಾಯೋ ಹಾಗಾಗಬಾರದು. ರಜೆ ಮುಗಿಯೋವರೆಗೂ ಇಲ್ಲೇ ಇದ್ದು ನೋಡಿ. ಅವಳು ನನಗೆ ಏನನ್ನೂ ನೆನಪು ಮಾಡಬಾರದು. ಅಷ್ಟಾದ ಮೇಲೂ ಅವಳಿಂದಲೇ ನಾನು ನಡೀಬೇಕು ಅಂತ ಆದರೆ, ಅವಳ ಬಟ್ಟೆ ನಾನೇ ಜೋಡಿಸಿ ಕೊಡ್ತೀನಿ."

"ನೆನಪಿಟ್ಟುಕೊಂಡು ಜೋಡಿಸ್ತೀಯಾ?" ಎಂದಳು ದೊಡ್ಡ ಮಗಳು. ಚುಚ್ಚಲೆಂದೇ ಅಂದದ್ದು. ಆದರೂ ಆಸ್ಪತ್ರೆಗೆ ಹೇಳಿ ರಜೆ ತೆಗೆದುಕೊಂಡು ಉಳಿದಳು.

ಎಲ್ಲರಿಗಿಂತ ಕಷ್ಟವಾದದ್ದು ಮಗುವಿಗೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಬೇಕು. ಮೊದಲ ದಿನವೇ ಒಲೆಯ ಮೇಲೆ ಹಾಲು ಏಳುತ್ತಿತ್ತು, ಸೊಸೆ ಒಳಗೆ ಯಾವುದೋ ಗುಂಡಿ ಹುಡುಕುತ್ತಿದ್ದಳು. ಮಗು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಓಡಿ ಬಂದು ನನ್ನ ಮಡಿಲಲ್ಲಿ ಮುಖ ಹುದುಗಿಸಿತು. ನಾನು ಅದರ ಬೆನ್ನ ಮೇಲೆ ಕೈ ಇಟ್ಟು ಸುಮ್ಮನಿದ್ದೆ. ಹಾಲು ಉಕ್ಕಿ ಒಲೆ ಆರಿತು. ಸೊಸೆ ಬಂದು ನೋಡಿ, ಒರೆಸಿ, ಮಗುವಿನ ಕಿವಿಯ ಹತ್ತಿರ ಬಗ್ಗಿ, ಉಕ್ಕಿದ್ದು ಹಾಲು ಅಷ್ಟೇ, ಮನೆ ಏನೂ ಉಕ್ಕಿ ಹೋಗಿಲ್ಲ ಎಂದಳು.

ಇನ್ನೊಂದು ದಿನ ಮಗು ಉಪಾಯ ಮಾಡಿತು. ತಾಯಿ ಕನ್ನಡಕ ಹುಡುಕುವಾಗ ಬೊಂಬೆಯನ್ನು ಎತ್ತಿಕೊಂಡು, ಕೇಳೇ ಬೊಂಬೆ, ಕನ್ನಡಕ ಕಿಟಕಿ ಮೇಲಿದೆ, ಯಾರಿಗೂ ಹೇಳಬೇಡ ಎಂದು ಎರಡು ಕೋಣೆಗೂ ಕೇಳುವಂತೆ ಗುಟ್ಟು ಹೇಳಿತು. ಬೊಂಬೆಗೆ ಹೇಳಿದ್ದು ಲೆಕ್ಕಕ್ಕಿಲ್ಲವೇನೋ ಎಂದು ದೊಡ್ಡ ಮಗಳು ನನ್ನ ಕಡೆ ನೋಡಿದಳು. ಲೆಕ್ಕಕ್ಕಿದೆ ಎಂದವಳು ಸೊಸೆಯೇ. ಕನ್ನಡಕವನ್ನು ಅಲ್ಲೇ ಬಿಟ್ಟು ಆ ದಿನವೆಲ್ಲ ಕಣ್ಣು ಕಿರಿದು ಮಾಡಿಕೊಂಡು ಓಡಾಡಿದಳು.

ಅದರ ಮರುದಿನ ಬೆಳಗ್ಗೆ ಉಪ್ಪು ಹುಡುಕುತ್ತಾ ಒಂದೊಂದೇ ಕದ ತೆಗೆದು ಮುಚ್ಚುತ್ತಿದ್ದವಳು ತಟ್ಟನೆ ನಿಂತಳು.

"ಅತ್ತೆ, ಒಂದು ಕೋಟಿಗೆ ಎಷ್ಟೊಂದು ತುಂಡುಗಳಿರ್ತವೆ. ಒಂದನ್ನಾದರೂ ನಾನು ಕಳೆದಿದ್ದೀನಾ?"

ಇಲ್ಲ ಎಂದೆ. ಅದು ನಿಜ. ಬೀಗದ ಕೈ ಒಳಗೆ ಸೇರಿಸಿದ್ದಳೇ ಹೊರತು ಕೋಟಿನ ತುಂಡನ್ನು ಎಂದೂ ಕಳೆದವಳಲ್ಲ.

"ಯಾಕೆ ಹೇಳಿ? ಎಲ್ಲ ಮೇಜಿನ ಮೇಲೆ ಹರಡಿಕೊಂಡು ಕಣ್ಣ ಮುಂದೆ ಇರ್ತವೆ. ಮುಚ್ಚಿಟ್ಟಿದ್ದು ನನ್ನ ಪಾಲಿಗೆ ಇಲ್ಲವೇ ಇಲ್ಲ. ಕದ ಹಾಕಿದ ಕೂಡಲೇ ಉಪ್ಪು ಈ ಲೋಕದಲ್ಲಿ ಹುಟ್ಟೇ ಇಲ್ಲ ಅನ್ನೋ ಹಾಗೆ."

ಹೀಗೆಂದವಳು ಹೊಲಿಗೆ ಮಿಶಿನ್ನಿನ ಡ್ರಾಯರಿನಿಂದ ತಿರುಪುಳಿ ತಂದು ಕಪಾಟಿನ ಕದ ಬಿಚ್ಚಲು ಕೂತಳು. ಆ ಒಂದು ಕೆಲಸವನ್ನು ಮಾತ್ರ ನಡುವೆ ಬಿಡದೆ ಮುಗಿಸಿದಳು. ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯದು, ಬಟ್ಟೆಯದು, ಗೋಡೆಯೊಳಗಿನ ಗೂಡಿನದು, ಎಲ್ಲ ಕದಗಳೂ ಮಂಚದ ಕೆಳಗೆ ಸೇರಿದವು. ಡಬ್ಬಿ, ಪಾತ್ರೆ, ಒಳಬಟ್ಟೆ, ಔಷಧಿ, ಎಲ್ಲವೂ ಬೀದಿಯ ಅಂಗಡಿಯಲ್ಲಿ ಇದ್ದಂತೆ ಕಾಣತೊಡಗಿತು. ದೊಡ್ಡ ಮಗಳು ಮೂಗಿನ ಮೇಲೆ ಬೆರಳಿಟ್ಟುಕೊಂಡು, ಮನೆಯನ್ನು ಬೆತ್ತಲೆ ಮಾಡಿಬಿಟ್ಟೆಯಲ್ಲೇ ಎಂದಳು.

"ಬೆತ್ತಲೆ ಇದ್ದರೇ ಅಲ್ವಾ ಅತ್ತಿಗೆ ಅಳತೆ ಸರಿಯಾಗಿ ಸಿಗೋದು" ಎಂದಳು ಸೊಸೆ.

ಆಮೇಲೆ ನೀಲಿ ಸೀಮೆಸುಣ್ಣ ಹಿಡಿದಳು. ಟೈಲರುಗಳು ಬಟ್ಟೆಯ ಮೇಲೆ ಗೆರೆ ಎಳೆಯುವ ಚಪ್ಪಟೆ ಸೀಮೆಸುಣ್ಣ. ಮನೆಯಲ್ಲಿ ಕಳೆದುಹೋಗುವ ಸಾಮಾನು ಯಾವುದೆಲ್ಲ ಉಂಟೋ ಅದನ್ನೆಲ್ಲ ಒಂದೊಂದು ಜಾಗದಲ್ಲಿ ಇಟ್ಟು, ತೂಗುಹಾಕಿ, ಅದರ ಸುತ್ತ ಗೋಡೆಯ ಮೇಲೆ ಗೆರೆ ಎಳೆದಳು. ಕತ್ತರಿಯ ಆಕಾರ, ಹೊಸ ಬೀಗದ ಕೈಯ ಆಕಾರ, ಕನ್ನಡಕದ್ದು, ಬುತ್ತಿಯದು, ಮಾತ್ರೆಯ ಡಬ್ಬಿಯದು. ಬಾಗಿಲ ಪಕ್ಕ ನೆಲದ ಮೇಲೆ ಎಲ್ಲರ ಪಾದರಕ್ಷೆಗಳ ಆಕಾರ, ಮಗುವಿನ ಚಿಕ್ಕ ಬೂಟಿನದೂ ಸೇರಿ. ಸಾಮಾನು ಇದ್ದರೆ ಗೆರೆ ಕಾಣುವುದಿಲ್ಲ. ಇಲ್ಲದಿದ್ದರೆ ಖಾಲಿ ಗೆರೆ ಕಣ್ಣಿಗೆ ಹೊಡೆಯುತ್ತದೆ. ಇಲ್ಲದ್ದನ್ನು ನನಗೆ ಯಾರಾದರೂ ತೋರಿಸಬೇಕು ಅತ್ತೆ, ಅದನ್ನ ಮಗು ಯಾಕೆ ತೋರಿಸಬೇಕು, ಗೋಡೆ ತೋರಿಸಲಿ ಎಂದಳು.

ಗೋಡೆ ಮಾತ್ರ ಸಾಲಲಿಲ್ಲ, ಅಂಗಡಿಯೂ ಸೇರಿತು. ಮಾಸ್ಟರು ಹಳೆಯ ಅಲಾರಂ ಗಡಿಯಾರವೊಂದನ್ನು ಖಾಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಕೂರಿಸಿ ಅವಳ ಮಿಶಿನ್ನಿನ ಪಕ್ಕ ಇಟ್ಟರು. ಶಾಲೆ ಬಿಡುವ ಹೊತ್ತಿಗೆ ಅದು ಹೊಡೆದುಕೊಂಡರೆ ಬೀದಿಯ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಒಬ್ಬ ಗಿರಾಕಿ ಸೊಂಟದ ಅಳತೆ ಕೊಡುವಾಗ ಡಬ್ಬಿ ಬಡಿದುಕೊಂಡಿತಂತೆ, ಆತ ಗಾಬರಿಯಲ್ಲಿ ಹೊಟ್ಟೆ ಒಳಗೆ ಎಳೆದುಕೊಂಡ, ಆ ಅಳತೆಗೆ ಹೊಲಿದ ಪ್ಯಾಂಟು ಅವನಿಗೆ ಯಾವತ್ತೂ ಆಗಲಿಲ್ಲ. ರಜೆಯಾದ್ದರಿಂದ ಶಾಲೆಗೆ ಬೀಗ ಹಾಕಿತ್ತು. ಆದರೂ ಡಬ್ಬಿ ಬಡಿದ ಕೂಡಲೇ ಸೊಸೆ ಸೂಜಿ ಚುಚ್ಚಿಟ್ಟು ಎದ್ದು, ಶಾಲೆಯ ಗೇಟಿನವರೆಗೆ ನಡೆದು, ಮುಚ್ಚಿದ ಗೇಟನ್ನು ಮುಟ್ಟಿ ಬರುತ್ತಿದ್ದಳು. ಕಾವಲುಗಾರ ನನ್ನ ಮಗನನ್ನು ಕಂಡಾಗ, ನಿಮ್ಮ ಮನೆಯವರು ಹುಷಾರಾಗಿದ್ದಾರಾ ಎಂದು ಮೆಲ್ಲಗೆ ಕೇಳಿದನಂತೆ. ತಲೆ ಮರೆತರೂ ಕಾಲಿಗೆ ಅಭ್ಯಾಸವಾಗಲಿ ಎಂದು ಹೋಗ್ತೀನಿ ಎಂದಳು ಅವಳು. ಅದನ್ನು ಕೇಳಿದ ದಿನ ದೊಡ್ಡ ಮಗಳು ಚಮಚಗಳನ್ನು ಎರಡು ಸಲ ಒರೆಸಿಟ್ಟಳು.

ಕೋಟಿನ ಒಡೆಯರು ಬಂದದ್ದೂ ಆ ದಿನಗಳಲ್ಲೇ. ಬ್ಯಾಂಡಿನಲ್ಲಿ ತುತ್ತೂರಿ ಊದುವ ದಪ್ಪ ಮನುಷ್ಯರು. ತುತ್ತೂರಿ ಎತ್ತಿದಾಗಲೆಲ್ಲ ಕೋಟಿನ ಕೆಳಗೆ ಏನೋ ತೊಡೆಗೆ ಬಡಿಯುತ್ತೆ ಎಂದು ಅಂಚು ಬಿಚ್ಚಿಸಿದರೆ ಬೀಗದ ಕೈ. ಅದನ್ನು ಹಿಡಿದುಕೊಂಡು ವಿಚಾರಿಸುತ್ತಾ ನಮ್ಮ ಮನೆಗೇ ಬಂದರು. ಬಯ್ಯುತ್ತಾರೆಂದು ಸೊಸೆ ಬಾಗಿಲಲ್ಲೇ ಕುಗ್ಗಿ ನಿಂತಳು. ಅವರು ಬೈಯಲಿಲ್ಲ. ಇಷ್ಟು ವರ್ಷದಲ್ಲಿ ಇಷ್ಟು ನೆಟ್ಟಗೆ ನಿಂತ ಕೋಟು ನಾನು ತೊಟ್ಟಿಲ್ಲ, ಬೀಗದ ಕೈ ತೆಗೆದ ಮೇಲೆ ಒಂದು ಬದಿ ಹಾರಾಡ್ತಾ ಇದೆ, ಅದನ್ನ ಹಾಗೇ ಒಳಗಿಟ್ಟು ಹೊಲಿದುಕೊಡಿ, ಸಾಧ್ಯವಾದರೆ ಇನ್ನೊಂದು ಬದಿಗೂ ಒಂದು ಎಂದರು. ದೊಡ್ಡ ಮಗಳು ಒಳಗೆ ಹೋಗಿ ನಗುವನ್ನು ಟವೆಲಿನಲ್ಲಿ ಒತ್ತಿಕೊಂಡಳು. ಒಡೆದ ಬೀಗದ ಕೈ ಹೇಗೂ ನಮಗೆ ಬೇಕಿರಲಿಲ್ಲ. ಸೊಸೆ ಅದನ್ನೇ ಇಟ್ಟು, ಇನ್ನೊಂದು ಬದಿಗೆ ಅಷ್ಟೇ ತೂಕದ ತಗಡಿನ ಚೂರು ಇಟ್ಟು ಹೊಲಿದಳು. ನಮ್ಮ ಹಳೆಯ ಬೀಗದ ಕೈ ಎಷ್ಟೋ ಮದುವೆಗಳಲ್ಲಿ ತುತ್ತೂರಿಯ ಜೊತೆ ಮೆರವಣಿಗೆ ಹೋಗಿದೆ.

ತಪ್ಪುಗಳು ನಿಂತವು ಎಂದು ಹೇಳಿದರೆ ಸುಳ್ಳಾಗುತ್ತದೆ. ಮಾತ್ರೆ ಜೇಬಿನಲ್ಲಿ ಕೂತು ಒಗೆತಕ್ಕೆ ಹೋಯಿತು. ಒಮ್ಮೆ ಕತ್ತರಿಯ ಗೆರೆಯಲ್ಲಿ ಸೌಟು ನೇತಾಡುತ್ತಿತ್ತು. ಆದರೆ ಅದನ್ನೆಲ್ಲ ಕಂಡುಹಿಡಿಯುತ್ತಿದ್ದವಳು ಅವಳೇ, ಇಲ್ಲವೇ ಗೋಡೆ. ಮಗು ಮೊದಮೊದಲು ಬಾಯಿ ಮುಚ್ಚಿಕೊಂಡು ತಾಯಿಯ ಹಿಂದೆಯೇ ತಿರುಗುತ್ತಿತ್ತು. ಬರಬರುತ್ತಾ ಬಾಯಿ ಮುಚ್ಚುವುದನ್ನು ಬಿಟ್ಟಿತು. ಆಮೇಲೆ ಹಿಂದೆ ತಿರುಗುವುದನ್ನೂ ಬಿಟ್ಟಿತು. ಮನೆಯ ಹಿಂದಿನ ಖಾಲಿ ಜಾಗದಲ್ಲಿ ಕ್ಷೌರಿಕನ ಹೆಣ್ಣುಮಕ್ಕಳ ಜೊತೆ ಆಡಲು ಹೋಗತೊಡಗಿತು.

ರಜೆಯ ಕೊನೆಯ ದಿನ ಬಂತು. ದೊಡ್ಡ ಮಗಳು ಬೆಳಗ್ಗೆಯೇ ತನ್ನ ಪೆಟ್ಟಿಗೆ ಜೋಡಿಸಿದಳು. ಅದರ ಪಕ್ಕ ಇನ್ನೊಂದು ಚೀಲ ಇಟ್ಟು, ಮಗುವಿನ ಬಟ್ಟೆಗಳನ್ನು ಮಡಿಸಿ ಅದರಲ್ಲಿ ಹಾಕಿದಳು. ಚೀಲದ ಬಾಯಿ ಮಾತ್ರ ಮುಚ್ಚಿರಲಿಲ್ಲ. ಸೊಸೆ ಅದನ್ನು ನೋಡಿದಳು. ಅಂಗಡಿಯಿಂದ ಮನೆಗೆ ತಂದಿದ್ದ ಕಾಲರ್ ಕೆಲಸ ಹಿಡಿದು ಮೇಜಿನ ಮುಂದೆ ಕೂತಳು. ಹೊಲಿಯುತ್ತಾ ಹೊಲಿಯುತ್ತಾ ಮುಳುಗಿದಳು. ಈಗ ಇವಳನ್ನು ಕರೆದರೂ ಕೇಳಿಸದು ಎಂದು ನನಗೆ ಗೊತ್ತಿತ್ತು. ದೊಡ್ಡ ಮಗಳಿಗೂ ಗೊತ್ತಿತ್ತು. ಅವಳು ಎದುರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು.

ಸಂಜೆ ಮಗು ಬೆವರಿಕೊಂಡು, ಮಂಡಿ ಕೆರೆದುಕೊಂಡು ಓಡಿ ಬಂತು. ಬಾಗಿಲಲ್ಲಿ ಕಾಲು ಕೊಡವಿ ನೇರ ನನ್ನ ಹತ್ತಿರ ಬಂದು, ಅಜ್ಜೀ ನಾನು ಗೆದ್ದೆ ಎಂದು ಶುರು ಮಾಡಿತು. ನನ್ನ ಕಣ್ಣು ಆಗ ಚೆನ್ನಾಗಿ ಕಾಣುತ್ತಿತ್ತು. ಬಾಗಿಲ ಬಳಿ ಬಲಗಾಲಿನ ಬೂಟು ಒಂದೇ ಇತ್ತು. ಮಗುವಿಗೆ ಆ ಕಡೆ ಗಮನವೇ ಇಲ್ಲ. ದೊಡ್ಡ ಮಗಳೂ ನೋಡಿದಳು. ನಾವಿಬ್ಬರೂ ತುಟಿ ಬಿಚ್ಚಲಿಲ್ಲ. ನನ್ನ ಸೂಜಿ ಕಾಜಾದ ಮಧ್ಯೆ ನಿಂತಿತ್ತು.

ಸೊಸೆ ಗುಂಡುಪಿನ್ನಿಗೆಂದು ತಲೆ ಎತ್ತಿದಳು. ಕೈ ಪಿನ್ನಿನ ಡಬ್ಬಿಗೆ ಹೋಯಿತು, ಕಣ್ಣು ನೆಲಕ್ಕೆ ಹೋಯಿತು. ಅಲ್ಲಿ ನೀಲಿ ಗೆರೆಯ ಪುಟ್ಟ ಎಡಗಾಲು ಖಾಲಿ ಕೂತಿತ್ತು.

"ಎಡಗಾಲಿನ ಬೂಟು ಎಲ್ಲೇ?"

ಮಗು ಮಾತು ನಿಲ್ಲಿಸಿ ತನ್ನ ಕಾಲು ನೋಡಿಕೊಂಡಿತು. ಮಣ್ಣು ಮೆತ್ತಿದ ಕಾಲುಚೀಲ.

"ಅಯ್ಯೋ. ಮರೆತೆ."

ಆ ಮಾತನ್ನು ಆ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ದೊಡ್ಡ ಮಗಳು ನಗತೊಡಗಿದಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ಗಡಿಯಾರ ನಿಂತುಹೋಯ್ತು ನೋಡಮ್ಮ ಎಂದು ನನಗೆ ಹೇಳಿದಳು. ಸೊಸೆಗೆ ಅದು ಕೇಳಿಸಿತೋ ಇಲ್ಲವೋ, ಅವಳಾಗಲೇ ಮಗುವಿನ ಕೈ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಕತ್ತಲಾಗುವ ಮೊದಲು ಹುಡುಕಬೇಕು, ಎಲ್ಲಿ ಬಿಚ್ಚಿದ್ದು ನೆನಪಿದೆಯಾ, ಇಲ್ಲ ಅಮ್ಮ, ನನಗೂ ಹೀಗೇ ಆಗತ್ತೆ ಕಣೆ ಬಾ ಎನ್ನುವ ಮಾತುಗಳು ಕೆಳಗೆ ಕೆಳಗೆ ಹೋದವು.

ದೊಡ್ಡ ಮಗಳು ಎದ್ದು, ಬಾಯಿ ತೆರೆದ ಚೀಲದಿಂದ ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಕದವಿಲ್ಲದ ಕಪಾಟಿನಲ್ಲಿ ಇಟ್ಟಳು. ಅಂಚಿಗೆ ಅಂಚು ಕೂಡಿಸಿ ಇಟ್ಟಳು. "ಮುಂದೆಯೇ ಇಡ್ತೀನಿ ಅಮ್ಮ. ಅವಳ ಕಣ್ಣಿಗೆ ಬೀಳಬೇಕಲ್ಲ" ಎಂದಳು.

ಮಾರನೆಯ ದಿನ ಅವಳು ಬೆಳಗಿನ ಬಸ್ಸಿಗೆ ಹೊರಟಳು. ಸೊಸೆ ಅದೇ ದಿನ ಡಬ್ಬಿ ಬಡಿಯುವುದಕ್ಕೂ ಮುಂಚೆ ಶಾಲೆಯ ಗೇಟಿನ ಬಳಿ ಇದ್ದಳು, ಅದು ಬೇರೆ ಮಾತು. ಹೇಳಬೇಕಾದದ್ದು ಕೊಡೆಯ ಸಂಗತಿ. ಚಮಚಗಳನ್ನು ಸಾಲಾಗಿ ಮಲಗಿಸುವ ನನ್ನ ದೊಡ್ಡ ಮಗಳು ತನ್ನ ಕೊಡೆಯನ್ನು ನಮ್ಮ ಬಾಗಿಲ ಹಿಂದೆಯೇ ಬಿಟ್ಟು ಹೋಗಿದ್ದಳು. ಸೊಸೆ ಅದನ್ನು ಮೊಳೆಗೆ ತೂಗುಹಾಕಿ, ಸುತ್ತಲೂ ನೀಲಿ ಗೆರೆ ಎಳೆದು, ದೂರ ನಿಂತು ನೋಡಿದಳು. ಅತ್ತಿಗೆಗೂ ಈ ಮನೆಯಲ್ಲಿ ಒಂದು ಜಾಗ ಆಯ್ತು ಎಂದಳು. ಮುಂದಿನ ಸಲ ಬಂದು ಅದನ್ನು ಒಯ್ದ ದೊಡ್ಡ ಮಗಳು ಆಮೇಲೆ ಬಂದಾಗಲೆಲ್ಲ, ಬಿಸಿಲಿದ್ದರೂ ಕೊಡೆ ತರುತ್ತಿದ್ದಳು. ಮೊದಲು ಅದನ್ನು ಅದರ ಗೆರೆಗೆ ಸೇರಿಸಿ, ಆಮೇಲೆ ನನ್ನ ಕಾಲು ಮುಟ್ಟುತ್ತಿದ್ದಳು.

ಸುಣ್ಣ ಹೊಡೆಸಿದಾಗಲೆಲ್ಲ ಸೊಸೆ ಗೆರೆಗಳನ್ನು ಹೊಸದಾಗಿ ಎಳೆಯುತ್ತಿದ್ದಳು. ನೆಲದ ಮೇಲಿನ ಮಗುವಿನ ಬೂಟಿನ ಗೆರೆಯನ್ನು ಮಾತ್ರ ಕಾಲು ಬೆಳೆದರೂ ದೊಡ್ಡದು ಮಾಡಲಿಲ್ಲ. ಮೊಮ್ಮಗಳು ಈಗ ಕೆಲಸಕ್ಕೆ ಹೋಗುತ್ತಾಳೆ, ತನ್ನ ಸಾಮಾನು ತಾನೇ ಕಳೆದು ತಾನೇ ಹುಡುಕುತ್ತಾಳೆ. ಮನೆ ಖಾಲಿ ಮಾಡಿದ ದಿನ ಬಾಗಿಲ ಹತ್ತಿರ ನಾನು ಕೊನೆಗೆ ನೋಡಿದ್ದು ಆ ಎರಡು ಪುಟ್ಟ ಗೆರೆಗಳನ್ನೇ. ಕಾಲು ಇಡದಂತೆ ದಾಟಿಕೊಂಡು ಬಂದೆ.

ಈ ಹೊಸ ಮನೆಯ ಗೋಡೆಗೆ ನುಣುಪಾದ ಬಣ್ಣ ಹೊಡೆದಿದ್ದಾರೆ. ಕಪಾಟುಗಳಿಗೆ ಗಾಜಿನ ಕದ, ಒಳಗಿದ್ದದ್ದು ಕಾಣುತ್ತದೆ. ಸೊಸೆ ನೋಡಿ ನೋಡಿ ಇದೇ ಮನೆ ಬೇಕೆಂದು ಹಿಡಿದದ್ದು. ಗೋಡೆ ಹಾಳು ಮಾಡಬಾರದು ಎಂದು ಮನೆಯ ಯಜಮಾನರು ಹೇಳಿದ್ದಾರೆ, ಅದನ್ನು ನಾವು ಒಪ್ಪಿಕೊಂಡಿದ್ದೇವೆ. ಕಳೆದ ವಾರ ದೊಡ್ಡ ಮಗಳು ಮೊದಲ ಸಲ ಇಲ್ಲಿಗೆ ಬಂದಳು. ಅವಳಿಗೂ ತಲೆ ಬೆಳ್ಳಗಾಗಿದೆ, ಕೆಲಸದಿಂದ ನಿವೃತ್ತಿಯಾಗಿದೆ. ಕೊಡೆ ಹಿಡಿದು ಬಾಗಿಲಲ್ಲಿ ನಿಂತು, ಆ ಗೋಡೆ ಈ ಗೋಡೆ ನೋಡಿದಳು.

"ಎಲ್ಲಿ ಇಡಲಿ ಇದನ್ನ?" ಎಂದಳು.

ಸೊಸೆ ಒಳಗಿನಿಂದ ಬಂದಳು. ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ತಣ್ಣಗಾದ ಟೀ. ಎರಡನ್ನೂ ಎಲ್ಲೋ ಇಟ್ಟು, ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ನೀಲಿ ಸೀಮೆಸುಣ್ಣ ತೆಗೆದಳು.